ದೊರೆ ತುಳಿದ ಮಣ್ಣು

ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಕಾಲು ಕೆಸರಾದರೆ ಏನು ಸಿಗುತ್ತದೆಂದು ಹೇಳಲಿಲ್ಲ. ಬೀದಿಯ ಕೊನೆಯಲ್ಲಿದ್ದ ಕುಂಬಾರನ ಮನೆಯಲ್ಲಿ ಕೈ ಗಂಡನದು, ಕಾಲು ಹೆಂಡತಿಯದು. ಅವನು ಮುಂದಿನ ಕೋಣೆಯಲ್ಲಿ ತಿಗರಿಗೆ ಕೂತು, ಗಿರಗಿರ ತಿರುಗುವ ಮಣ್ಣಿನ ಮುದ್ದೆಯನ್ನು ಮಡಕೆಯಾಗಿಯೋ ಹೂವಿನ ಕುಂಡವಾಗಿಯೋ ಎಬ್ಬಿಸುತ್ತಿದ್ದ. ಅವಳು ಹಿತ್ತಿಲ ಗುಂಡಿಯಲ್ಲಿಳಿದು ಆ ಮಣ್ಣನ್ನು ತುಳಿದು ತುಳಿದು ಹದಕ್ಕೆ ತರುತ್ತಿದ್ದಳು. ಮೊಸರು ಇಬ್ಬರಿಗೂ ಸಮಪಾಲೇ, ಅದರಲ್ಲಿ ಮೋಸವಿಲ್ಲ. ಹೊಗಳಿಕೆ ಮಾತ್ರ ಮುಂದಿನ ಕೋಣೆ ದಾಟಿ ಹಿತ್ತಿಲಿಗೆ ಒಂದು ದಿನವೂ ಬಂದದ್ದಿಲ್ಲ.

ಬೀದಿಯವರ ಬಾಯಲ್ಲಿ ಅವನ ಹೆಸರು ದೊರೆ. ಬಿಳಿ ಅಂಗಿ ತೊಟ್ಟು ಮಣ್ಣಿನ ಕೆಲಸ ಮಾಡುವವನನ್ನು ಬೇರೆ ಏನೆಂದು ಕರೆಯುವುದು? ಬೆಳಿಗ್ಗೆ ಇಸ್ತ್ರಿ ಅಂಗಿಯ ತೋಳು ಮಡಚಿ ಕೂತರೆ, ಸಂಜೆ ಏಳುವಾಗ ಅದರ ಮೇಲೆ ಒಂದು ಚುಕ್ಕೆ ಕೆಸರು ಇರುತ್ತಿರಲಿಲ್ಲ. "ಮಣ್ಣು ಮೈಗೆ ಹಾರ್ತಿದೆ ಅಂದ್ರೆ ಕೈಗೆ ಕೆಲಸ ಬರಲ್ಲ ಅಂತ ಅರ್ಥ," ಎಂದು ನೋಡಲು ನಿಂತವರಿಗೆಲ್ಲ ಹೇಳುತ್ತಿದ್ದ. ಜಂಬದ ಮಾತೇ, ಆದರೆ ಸುಳ್ಳಲ್ಲ. ಕಿಟಕಿಯಾಚೆ ಬೀದಿಯಲ್ಲಿ ಹೋಗುವವರು ಸುಮ್ಮನೆ ನಿಂತು ಅವನ ಕೈ ನೋಡಿ ಹೋಗುತ್ತಿದ್ದರು.

ದೊರೆಯ ಹೆಂಡತಿ ದೊರೆಸಾನಿಯಾದಳು. ದೊರೆಸಾನಿಗೆ ಆಸ್ಥಾನವೆಂದರೆ ಹಿತ್ತಿಲು: ತಗಡಿನ ಮಾಡು, ಅದರ ಕೆಳಗೆ ಮಣ್ಣು ತುಳಿಯುವ ಗುಂಡಿ, ಪಕ್ಕದಲ್ಲಿ ಮಣ್ಣು ನೆನೆಹಾಕುವ ಸಿಮೆಂಟಿನ ತೊಟ್ಟಿ, ಆಚೆ ಮೂಲೆಯಲ್ಲಿ ಮಡಕೆ ಸುಡುವ ಆವಿಗೆ. ಕಣಕಾಲಿನ ಮೇಲೆ ಒಣಗಿದ ಮಣ್ಣು ಅವಳಿಗೆ ಎರಡನೆಯ ಚರ್ಮವಾಗಿಬಿಟ್ಟಿತ್ತು. ತುಳಿದು ಮುಗಿಸಿ ಒಂದು ಮುದ್ದೆ ತಂದು ಗಂಡನ ಮುಂದಿಟ್ಟರೆ, ಅವನು ಎರಡು ಬೆರಳಲ್ಲಿ ಒತ್ತಿ ನೋಡುತ್ತಿದ್ದ. ಸರಿಬಂದರೆ ಮಾತಿಲ್ಲ. ಸರಿಬರದಿದ್ದರೆ "ಇನ್ನೊಂದ್ಸಲ" ಎನ್ನುತ್ತಿದ್ದ, ತಲೆ ಎತ್ತದೆ. ಅವಳು ಮುದ್ದೆ ಎತ್ತಿಕೊಂಡು ವಾಪಸು ಹೋಗುತ್ತಿದ್ದಳು. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ ಅದು. ಮಗಳು ಹುಟ್ಟಿದಳು, ಬೆಳೆದಳು, ಹಾಲಿನ ಡೈರಿಯಲ್ಲಿ ಕೆಲಸ ಮಾಡುವವನನ್ನು ಮದುವೆಯಾಗಿ ಪಕ್ಕದ ಊರಿಗೆ ಹೋದಳು. ಅಷ್ಟು ವರ್ಷಗಳಲ್ಲಿ ದೊರೆ ಗುಂಡಿಯಲ್ಲಿ ಒಂದು ಸಲವೂ ಕಾಲಿಟ್ಟಿರಲಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಅವನ ಕಸುಬಿನದೇ. ಗಾದೆಯಲ್ಲಿ ಹೋಗುವುದು ಮಡಕೆ, ಅವನಿಗೆ ಹೋದದ್ದು ಕೈ. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಹೋದರೆ ಬಲಗೈ ಮೇಲೇಳಲಿಲ್ಲ. ಹೆಂಡತಿಯನ್ನು ಕರೆಯಲು ಹೋದರೆ ಬಾಯಿ ಸೊಟ್ಟಗಾಯಿತು, ಏಳಲು ಹೋದರೆ ಬಲಗಾಲು ಕುಸಿಯಿತು. ಲಕ್ವ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಬಾಯಿ ಸರಿಯಾಯಿತು, ಕಾಲೂ ಸರಿಯಾಯಿತು. ಕೈ ಮಾತ್ರ ಭುಜದಿಂದ ತೂಗುಬಿಟ್ಟ ಟವೆಲಿನ ಹಾಗೆ ಉಳಿಯಿತು. ಬೆರಳು ಅಲುಗುತ್ತಿದ್ದವು, ಹಿಡಿಯುತ್ತಿರಲಿಲ್ಲ. ಡಾಕ್ಟರು ದಿನಾ ನಡೆಯಲು ಹೇಳಿದರು, ಕೈಯ ಬಗ್ಗೆ ಕೇಳಿದಾಗ "ನೋಡೋಣ" ಎಂದರು. ಡಾಕ್ಟರ ಬಾಯಲ್ಲಿ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ದೊರೆ ಮಾತ್ರ ಅದನ್ನು ಅಕ್ಷರಶಃ ನಂಬಿಕೊಂಡ.

ನೋಡಲು ಬಂದವರಲ್ಲಿ ನರ್ಸರಿಯವನೂ ಇದ್ದ. ಸಸಿ ಮಾರುವ ಅವನಿಗೆ ವರ್ಷವಿಡೀ ಕುಂಡ ಬೇಕು. ಈ ಮನೆಯ ಒಲೆ ಉರಿಯುತ್ತಿದ್ದದ್ದೇ ಅವನ ಕುಂಡಗಳಿಂದ. ಮಂಚದ ಪಕ್ಕ ಕೂತು, ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, "ಕೆಸರಲ್ಲೇ ಅಲ್ವಾ ದೊರೆ ಕಮಲ ಅರಳೋದು" ಎಂದ.

"ಕಮಲಕ್ಕೆ ಲಕ್ವ ಹೊಡೆಯಲ್ಲ," ಎಂದ ದೊರೆ.

ನರ್ಸರಿಯವನು ಕಮಲವನ್ನು ಅಲ್ಲಿಗೇ ಬಿಟ್ಟು ಕುಂಡದ ವಿಷಯಕ್ಕೆ ಬಂದ. ಇನ್ನು ಮುಂದೆ ಹೇಗೆ, ಬೇರೆ ಕಡೆ ನೋಡಬೇಕಾ ಎಂದು ಮೆಲ್ಲಗೆ ಕೇಳಿದ. ಆಗ ಬಾಗಿಲ ಹತ್ತಿರ ನಿಂತಿದ್ದ ದೊರೆಸಾನಿ, "ತಿಗರಿಗೆ ನಾನು ಕೂರ್ತೀನಿ," ಎಂದಳು. ತವರಿನಲ್ಲಿ ಅಪ್ಪನ ತಿಗರಿಯ ಮೇಲೆ ಅವಳು ಹುಡುಗಿಯಾಗಿದ್ದಾಗ ಕೈ ಆಡಿಸಿದ್ದಳು. ಆ ಮಾತು ಗಂಡನಿಗೆ ಮರೆತೇ ಹೋಗಿತ್ತು, ಅಥವಾ ಅವನು ಎಂದೂ ಕೇಳಿಯೇ ಇರಲಿಲ್ಲ.

"ಮಣ್ಣು ಯಾರು ತುಳೀತಾರೆ?" ಎಂದ ದೊರೆ.

ಇಬ್ಬರೂ ಅವನ ಕಾಲು ನೋಡಿದರು. ಕೋಣೆಯಲ್ಲಿ ಕಾಲು ಗಟ್ಟಿಯಿದ್ದು ಕೆಲಸವಿಲ್ಲದವನು ಅವನೊಬ್ಬನೇ.

ಹೀಗೆ ಕೈ ಹೆಂಡತಿಯದಾಯಿತು, ಕಾಲು ಗಂಡನದಾಯಿತು. ಆದರೆ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅಳಿಯ ಡೈರಿಯಲ್ಲಿ ಹಾಕಿಕೊಂಡು ಬಿಟ್ಟಿದ್ದ ಹಳೆಯ ಗಂಬೂಟನ್ನು ದೊರೆ ತರಿಸಿಕೊಂಡ. ಮೊದಲ ದಿನ ಬಿಳಿ ಅಂಗಿ, ಮೊಣಕಾಲವರೆಗೆ ಕರಿಯ ಗಂಬೂಟು, ಒಂದು ಕೈ ತೂಗುತ್ತ, ಇನ್ನೊಂದು ಕೈಯಲ್ಲಿ ಮಾಡಿನ ಕಂಬ ಹಿಡಿದು ಅವನು ಗುಂಡಿಗಿಳಿದದ್ದನ್ನು ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ ಒಳಗೆ ಹೋಗಿ ನಕ್ಕರು. ದೊರೆಸಾನಿ ನಗಲಿಲ್ಲ. "ಬರಿಗಾಲಲ್ಲಿ ತುಳೀಬೇಕು ರೀ. ಕಾಲಿಗೆ ಗೊತ್ತಾಗ್ಬೇಕು," ಎಂದಷ್ಟೇ ಹೇಳಿದಳು.

"ಮಣ್ಣಿನ ವಿಷಯ ನಂಗೆ ಹೇಳ್ಕೊಡ್ಬೇಡ," ಎಂದ.

ಅವಳು ಒಳಗೆ ಹೋದಳು. ಇಷ್ಟು ವರ್ಷ ಆ ಕೈಯ ಮುಂದೆ ತಲೆಬಾಗಿದವಳಿಗೆ ಅದು ಅಭ್ಯಾಸವಾಗಿತ್ತು. ಅಲ್ಲದೆ ಅವನ ಸಂಕಟ ಅವಳಿಗೆ ಕಾಣುತ್ತಿತ್ತು. ತಾನು ಗುಂಡಿಯ ಹತ್ತಿರ ಸುಳಿದರೆ ಅವನಿಗೆ ಅವಮಾನವಾದೀತೆಂದು, ಅಂದಿನಿಂದ ಅವಳು ಅದರಲ್ಲಿ ಕಾಲಿಡಲಿಲ್ಲ.

ಅವಳ ಕೈ ಮೊದಮೊದಲು ತಡವರಿಸಿತು. ವಾಲಿದ ಕುಂಡ, ಕುಸಿದ ಕುಂಡ, ಬಾಯಿ ಹರಿದ ಕುಂಡ ದಿನಕ್ಕೆ ಒಂದಷ್ಟು ಹಲಗೆಯ ಮೇಲೆ ಕೂರುತ್ತಿದ್ದವು. ಸುಡದ ಮಣ್ಣು ಎಂದೂ ದಂಡವಲ್ಲ. ಅದನ್ನು ತೊಟ್ಟಿಯ ನೀರಿಗೆ ಹಾಕಿದರೆ ಮತ್ತೆ ಮಣ್ಣು. "ಅವು ಚೆನ್ನಾಗಿ ಒಣಗಲಿ, ಆಮೇಲೆ ತೊಟ್ಟಿಗೆ ಹಾಕಿ," ಎಂದು ಅವಳು ಹೇಳಿದ್ದಳು. ದೊರೆಗೆ ಇದು ಹೆಂಗಸರ ಕೆಲಸದ ಸುತ್ತುಬಳಸು ಎನಿಸಿತು. ಹೇಗಿದ್ದರೂ ನೀರಲ್ಲಿ ನೆನೆಸಬೇಕಾದ ಮಣ್ಣನ್ನು ಮೊದಲು ಒಣಗಿಸುವುದೇಕೆ? ಇರುವ ಹಸಿಯನ್ನು ಬಿಸಿಲಿಗೆ ಕೊಟ್ಟು ಮತ್ತೆ ನೀರು ಹೊತ್ತು ಹಾಕುವುದು ಯಾವ ಜಾಣತನ? ಅವನು ಅರ್ಧ ಒಣಗಿದ ಕುಂಡಗಳನ್ನೇ ಎಡಗೈಯಲ್ಲಿ ಎತ್ತಿ ತೊಟ್ಟಿಗೆ ಎಸೆದ. ಮರುದಿನ ಮೇಲಿನಿಂದ ಎಲ್ಲ ನುಣ್ಣಗೆ ಕೆಸರಾಗಿ ಕಂಡಿತು. ಅದನ್ನೇ ಗುಂಡಿಗೆ ಸುರಿದು, ಹೊಸ ಮಣ್ಣಿನ ಜೊತೆ ಬೆರೆಸಿ, ಗಂಬೂಟಿನಲ್ಲಿ ತುಳಿದು, ಸಂಜೆಯ ಹೊತ್ತಿಗೆ ಕೆಲಸ ಮುಗಿಸಿದ ತೃಪ್ತಿಯಲ್ಲಿ ಚಹಾ ಕುಡಿದ.

ಬರಬರುತ್ತ ದೊರೆಸಾನಿಯ ಕುಂಡಗಳು ನೆಟ್ಟಗೆ ಏಳತೊಡಗಿದವು. ಹಲಗೆಯ ಮೇಲೆ ಸಾಲಾಗಿ ನಿಂತರೆ ನೋಡಲು ಚೆನ್ನಾಗಿಯೇ ಇದ್ದವು. ಆದರೆ ಆವಿಗೆ ತೆರೆದ ದಿನ, ತೆಗೆದ ಕುಂಡಗಳಲ್ಲಿ ಮುಕ್ಕಾಲುಪಾಲು ಸೀಳಿದ್ದವು. ಒಂದೊಂದರ ಹೊಟ್ಟೆಯಲ್ಲೂ ಒಂದು ಬಿರುಕು. ಅವಳು ಒಂದನ್ನು ಕೈಯಲ್ಲಿ ಹಿಡಿದು ಬಿರುಕಿನ ಮೇಲೆ ಬೆರಳೆಳೆದಳು. "ನಂದೇ ತಪ್ಪು. ಗೋಡೆ ಒಂದೇ ಸಮ ಬರ್ತಿಲ್ಲ. ಕೈಗೆ ಏನೋ ತಡೆಯತ್ತೆ," ಎಂದಳು.

ದೊರೆ ಅವಳಿಗೆ ಬೆನ್ನು ಹಾಕಿ ಒಡೆದ ಕುಂಡಗಳನ್ನು ಮೂಲೆಗೆ ಒಟ್ಟುತ್ತಿದ್ದ. ಅವನಿಗೆ ಆಗ ಆದದ್ದು ಸಂತೋಷ. ಇದನ್ನು ಸುತ್ತಿಬಳಸಿ ಹೇಳಿ ಪ್ರಯೋಜನವಿಲ್ಲ. ಹೆಂಡತಿಯ ಕುಂಡ ಒಡೆದದ್ದಕ್ಕೆ, ಮನೆಯ ಒಲೆಯ ಆಧಾರವೇ ಬಿರುಕು ಬಿಟ್ಟದ್ದಕ್ಕೆ ಅವನಿಗೆ ಖುಷಿಯಾಯಿತು. ದಿನಾ ಬೆಳಿಗ್ಗೆ ಅವಳು ನೀರು ತರಲು ಹೋದಾಗ ಅವನು ತಿಗರಿಯ ಮುಂದೆ ಕೂತು, ಎಡಗೈಯಿಂದ ಬಲಗೈಯನ್ನೆತ್ತಿ ಚಕ್ರದ ಮೇಲಿಟ್ಟು, ಬೆರಳು ಹಿಡಿಯುತ್ತವೇನೋ ಎಂದು ಕಾಯುತ್ತಿದ್ದ. ಹಿಡಿಯುತ್ತಿರಲಿಲ್ಲ. ಡಾಕ್ಟರು ನೋಡೋಣ ಎಂದಿದ್ದರಲ್ಲ, ನೋಡುತ್ತಿದ್ದ. ಆ ಜಾಗ ಬೇರೆಯವರಿಂದ ತುಂಬದೆ ಇದ್ದರೆ, ತನ್ನದಾಗಿಯೇ ಇರುತ್ತದೆ ಎಂಬುದು ಅವನ ಲೆಕ್ಕ.

ಎರಡನೆಯ ಆವಿಗೆಯೂ ಹಾಗೇ ಆಯಿತು. ಆಗ ಅವಳು, ಎಂದೂ ಕೇಳದವಳು, ಕೇಳಿದಳು: "ಮಣ್ಣಲ್ಲೇನಾದ್ರೂ ಗಂಟು ಉಳಿದಿದೆಯಾ ರೀ?"

"ಹುಟ್ಟಿದಾಗಿಂದ ಮಣ್ಣು ಹಿಡಿದೋನು ನಾನು. ಕುಣಿಯೋಕೆ ಬರದೆ ಇದ್ದೋಳು ನೆಲ ಡೊಂಕು ಅಂದಳಂತೆ."

ಅವಳು ಮತ್ತೆ ಕೇಳಲಿಲ್ಲ. ರಾತ್ರಿ ಊಟವಾದ ಮೇಲೆ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, "ಹಾಳು ಕೈ, ಎಷ್ಟು ಹೇಳಿದ್ರೂ ಕೇಳಲ್ಲ" ಎಂದು ಮಗುವನ್ನು ಬೈಯುವಂತೆ ಬೈದುಕೊಳ್ಳತೊಡಗಿದಳು. ದೊರೆ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಕೊನೆಗೊಂದು ದಿನ ಅವಳು ತೀರ್ಮಾನಕ್ಕೆ ಬಂದಳು. ನರ್ಸರಿಯವನಿಗೆ ಬೇರೆ ಕಡೆ ನೋಡಿಕೊಳ್ಳಲು ಹೇಳುವುದು, ತಿಗರಿ ಮಾರುವುದು, ಮಗಳ ಊರಿಗೆ ಹೋಗುವುದು. ಡೈರಿಯಲ್ಲಿ ಕ್ಯಾನು ತೊಳೆಯುವ ಕೆಲಸ ಇದೆಯೆಂದು ಅಳಿಯ ಹೇಳಿದ್ದ. "ತೊಳೆಯೋಕೆ ಕೈ ಚಳಕ ಬೇಕಾಗಲ್ಲ," ಎಂದಳು. ನರ್ಸರಿಯವನಿಗೆ ಮರುದಿನ ಬರಲು ಹೇಳಿ ಕಳಿಸಿದಳು.

ದೊರೆ ಬೇಡವೆನ್ನಲಿಲ್ಲ. ತಿಗರಿ ಹೋದರೂ ಹೋಗಲಿ. ಆ ಮನೆಯಲ್ಲಿ ಅದರ ಮೇಲೆ ಕೂತು ಗೆದ್ದವನು ತಾನೊಬ್ಬನೇ ಎಂದಾಗುತ್ತದೆ. ಮಧ್ಯಾಹ್ನ ಅವಳು ಮಗಳಿಗೆ ವಿಷಯ ತಿಳಿಸಲು ಫೋನಿರುವ ಅಂಗಡಿಗೆ ಹೋದಾಗ, ಮಾಡಲು ಬೇರೇನೂ ಇಲ್ಲದೆ, ಅಭ್ಯಾಸಬಲದಿಂದ ಅವನು ಗುಂಡಿಗಿಳಿದ.

ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಎಡಗಾಲಿನ ಬೂಟನ್ನು ಮಣ್ಣು ಹಿಡಿದುಕೊಂಡಿತು. ಎಳೆದ. ಬೂಟು ಅಲ್ಲೇ ಉಳಿಯಿತು, ಕಾಲು ಮಾತ್ರ ಮೇಲೆ ಬಂತು. ಒಂಟಿಕಾಲಲ್ಲಿ ತೂರಾಡಿ, ಕಂಬ ಹಿಡಿಯಲು ಹೋದದ್ದು ಹಳೆಯ ಅಭ್ಯಾಸದಿಂದ ಬಲಗೈಯಲ್ಲಿ. ಅದು ಮೇಲೇಳಲಿಲ್ಲ. ದೊರೆ ಬಿಳಿ ಅಂಗಿಯ ಸಮೇತ ಅಂಗಾತ ಬಿದ್ದ.

ಹೊರಳಿ, ಮುಖ ಕೆಸರಿಗೆ ತಾಗಿಸಿ, ಒಂದೇ ಕೈ ಊರಿ ಮೇಲೇಳಲು ಸುಮಾರು ಹೊತ್ತು ಬೇಕಾಯಿತು. ಮೀಸೆಯೂ ಮಣ್ಣಾಗಿತ್ತು. ನೋಡುವವರು ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಬರಿಗಾಲನ್ನು ಕೆಸರಿಗೆ ಊರಿ ನಿಂತ. ತಣ್ಣಗಿತ್ತು. ಅಸಹ್ಯವಾಗಬೇಕಿತ್ತು, ಆಗಲಿಲ್ಲ. ಇನ್ನೊಂದು ಬೂಟನ್ನೂ ಕಿತ್ತುಹಾಕಿದ. ಒಂದು ಹೆಜ್ಜೆ ಇಟ್ಟಾಗ ಅಂಗಾಲಿನ ಕೆಳಗೆ ಏನೋ ಉರುಳಿತು. ಕಲ್ಲೇನೋ ಎಂದುಕೊಂಡ. ಮತ್ತೊಂದು ಹೆಜ್ಜೆಗೆ ಮತ್ತೊಂದು. ಕಾಲಾಡಿಸಿದಲ್ಲೆಲ್ಲ ಇದ್ದವು.

ಬಗ್ಗಿ ಎಡಗೈ ಹಾಕಿ ಒಂದನ್ನು ತೆಗೆದು ಜಾರುವ ಕೆಸರನ್ನು ಒರೆಸಿದ. ಕಲ್ಲಲ್ಲ, ಮಣ್ಣು. ಹೊರಗೆ ಲೋಳೆಯಾಗಿ, ಒಳಗೆ ಗಡುಸಾಗಿ ಉಳಿದ, ಈಚೆಗೆ ಬಾಯಿ ಹರಿದು ಎಸೆದ ಕುಂಡದ ಚೂರು. ಅದರ ಒಳಮೈಯಲ್ಲಿ ಬೆರಳಿನ ಗೆರೆಗಳು ಇನ್ನೂ ಇದ್ದವು. ಅವು ದೊರೆಸಾನಿಯ ಬೆರಳಿನವು. ಕಸುಬಿನವನ ಕಣ್ಣು ತಾನಾಗಿಯೇ ಗೋಡೆಯ ದಪ್ಪ ನೋಡಿತು. ಈ ತುದಿಯಿಂದ ಆ ತುದಿಗೆ ಒಂದೇ ಸಮ, ತೆಳುವಾಗಿ, ಎಲ್ಲೂ ಅಳುಕದೆ ಬಂದಿತ್ತು. ಹಾಳು ಕೈ ಎಂದು ಬೈಸಿಕೊಂಡ ಕೈ ಅದು. ಅವಳ ಕೈಗೆ ತಡೆಯುತ್ತಿದ್ದದ್ದು, ಆವಿಗೆಯಲ್ಲಿ ಕುಂಡದ ಹೊಟ್ಟೆ ಸೀಳುತ್ತಿದ್ದದ್ದು ಈ ಗಂಟುಗಳು. ಗಂಬೂಟು ಹಾಕಿಕೊಂಡು ಇವುಗಳ ಮೇಲೆಯೇ ಅವನು ದಿನವಿಡೀ ಓಡಾಡಿದ್ದ.

ಗುಂಡಿಯಿಂದ ಮೇಲೆ ಬಂದು ಒಂದು ಬಕೆಟ್ಟಿನಲ್ಲಿ ನೀರು ತುಂಬಿದ. ಹಲಗೆಯ ಮೂಲೆಯಲ್ಲಿ, ಯಾವತ್ತೋ ಅವನ ಕಣ್ಣು ತಪ್ಪಿಸಿ ಉಳಿದು ಪೂರ್ತಿ ಒಣಗಿ ಬೆಳ್ಳಗಾದ ಒಂದು ಚೂರಿತ್ತು. ಅದನ್ನೂ, ನಿನ್ನೆಯ ಹಸಿ ಆರದ ಒಂದು ಚೂರನ್ನೂ ಒಟ್ಟಿಗೆ ನೀರಿಗೆ ಹಾಕಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಒಣಗಿದ ಚೂರು ಬುಸ್ಸೆಂದು ಗುಳ್ಳೆ ಬಿಟ್ಟಿತು. ಅಂಚು ಉದುರಿತು, ಮಧ್ಯ ಬಿರಿಯಿತು, ನೋಡನೋಡುತ್ತಿದ್ದಂತೆ ತಳದಲ್ಲಿ ಮೆತ್ತನೆಯ ಮಣ್ಣಾಗಿ ಮಲಗಿತು. ಹಸಿ ಚೂರು ಹಾಕಿದ ಹಾಗೇ ಇತ್ತು. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿದರೂ ಹಾಗೇ ಇತ್ತು. ಕೋಲಿನಿಂದ ತಿವಿದರೆ ಜಾರಿ ಆಚೆ ಹೋಗಿ ಕೂತಿತು.

ದೇವರು, ವೇದಾಂತ ಎಂದರೆ ದೊರೆ ಎದ್ದುಹೋಗುವ ಆಸಾಮಿ. ಕಷ್ಟ ಮನುಷ್ಯನನ್ನು ಹದ ಮಾಡುತ್ತದೆ ಎಂದು ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವನು ಹೇಳಿದಾಗ ಗೋಡೆ ಕಡೆ ತಿರುಗಿ ಮಲಗಿದ್ದ. ಆದರೆ ಬಕೆಟ್ಟಿನ ಮುಂದಿನಿಂದ ಎದ್ದುಹೋಗಲು ಅವನಿಗಾಗಲಿಲ್ಲ. ಕಷ್ಟ ಬಂದದ್ದು ಬಂದಿತ್ತು, ನೀರು ಸುತ್ತಲೂ ಇತ್ತು, ಕರಗುವುದೊಂದು ಆಗಿರಲಿಲ್ಲ. ತನ್ನೊಳಗಿನ ಆ ಹಸಿ ಯಾವುದೆಂದು ಅವನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕಳ್ಳನ ಹಾಗೆ ತಿಗರಿಯ ಮುಂದೆ ಕೂತು ಅವನೇ ಅದನ್ನು ಆರದಂತೆ ಕಾಪಾಡಿಕೊಂಡಿದ್ದ. ಅವನಿಗೆ ನಾಚಿಕೆಯಾಯಿತು. ಅಳುವೂ ಬಂತು, ಆದರೆ ಮುಖದ ತುಂಬ ಕೆಸರಿದ್ದದ್ದರಿಂದ ಒರೆಸಿಕೊಳ್ಳಲು ಹೋಗಲಿಲ್ಲ.

ಸುಲಭದ ದಾರಿಯೊಂದು ಆಗಲೂ ಇತ್ತು. ಗಂಟನ್ನೆಲ್ಲ ಆರಿಸಿ ತೆಗೆದು, ಬಾಯಿ ಮುಚ್ಚಿಕೊಂಡು ಸರಿಯಾಗಿ ತುಳಿದರೆ ಮುಂದಿನ ಆವಿಗೆ ಚೆನ್ನಾಗಿ ಬರುತ್ತದೆ, ತನ್ನ ಕೈಯೇ ಪಳಗಿತೆಂದು ಅವಳು ತಿಳಿಯುತ್ತಾಳೆ. ಆದರೆ ಮುಂದಿನ ಆವಿಗೆಯೇ ಇಲ್ಲವಲ್ಲ. ಬೆಳಗಾದರೆ ನರ್ಸರಿಯವನು ಬರುತ್ತಾನೆ. ದೊರೆ ಕತ್ತಲಾಗುವವರೆಗೆ ಬರಿಗಾಲಲ್ಲಿ ಗುಂಡಿಯನ್ನು ಅಂಗುಲ ಅಂಗುಲ ತುಳಿದು ಗಂಟುಗಳನ್ನು ಆರಿಸಿ ಹಲಗೆಯ ಮೇಲೆ ಹರವಿದ. ಅಂಗಿ ಏನಾಯಿತೆಂದು ಹೆಂಡತಿ ಕೇಳಿದಾಗ "ಜಾರಿದೆ" ಎಂದ. ಅಷ್ಟು ಹೇಳಲು ಬಾಯಿ ಬಂತು, ಉಳಿದದ್ದಕ್ಕೆ ಬರಲಿಲ್ಲ.

ಬೆಳಿಗ್ಗೆ ನರ್ಸರಿಯವನು ಬಂದು ಮುಂದಿನ ಕೋಣೆಯ ಸ್ಟೂಲಿನ ಮೇಲೆ ಕೂತ. ದೊರೆಸಾನಿ ನಿಂತೇ ಮಾತಾಡಿದಳು. "ನೀವು ಬೇರೆ ಕಡೆ ನೋಡ್ಕೊಳ್ಳಿ ಅಣ್ಣ. ನನ್ನ ಕೈಲಿ ಇದು ಆಗಲ್ಲ."

ನರ್ಸರಿಯವನು ಒಳ್ಳೆಯವನು. ಅವಳ ಮುಖ ನೋಡಿ ಅವನಿಗೆ ಕನಿಕರವಾಯಿತು. "ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದ. "ಎಲ್ಲರ ಕೈಯೂ ದೊರೆ ಕೈ ಆಗೋಕಾಗತ್ತಾ?"

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ದೊರೆಗೆ ಮಾತು ಕೇಳಿಸಿತು. ಜೀವಮಾನವೆಲ್ಲ ಅವನು ಉಂಡು ಬೆಳೆದ ಮಾತದು. ಈಗ ಒಂದು ನಿಟ್ಟುಸಿರು ಬಿಟ್ಟು ಅಲ್ಲೇ ನಿಂತಿದ್ದರೆ ಆ ಹೊಗಳಿಕೆ ಕಡೆಯವರೆಗೂ ಅವನದಾಗಿಯೇ ಉಳಿಯುತ್ತಿತ್ತು. ಅವನು ಕೆಸರುಗಾಲಲ್ಲೇ ಒಳಗೆ ಬಂದ. ಒರೆಸಿದ ನೆಲದ ಮೇಲೆ ಹೆಜ್ಜೆ ಮೂಡಿತು.

"ಕುಂಡ ಒಡೆದದ್ದು ಅವಳ ಕೈಯಿಂದಲ್ಲ," ಎಂದ. "ಮಣ್ಣು ಕೆಟ್ಟಿತ್ತು. ಹಸಿ ಚೂರು ತೊಟ್ಟಿಗೆ ಹಾಕಿದೋನು ನಾನು. ಬೂಟಲ್ಲಿ ತುಳಿದೋನು ನಾನು. ಒಣಗಿಸಿ ಅಂದಿದ್ಲು, ಬರಿಗಾಲಲ್ಲಿ ತುಳೀರಿ ಅಂದಿದ್ಲು. ಅವಳ ಕೈ ಚೆನ್ನಾಗಿದೆ. ನಾನು ನೋಡಿದೀನಿ."

ನರ್ಸರಿಯವನು ಕಿಟಕಿಯಾಚೆ ಏನೋ ಕಂಡವನಂತೆ ಅತ್ತ ತಿರುಗಿದ. ದೊರೆಸಾನಿ ಗಂಡನನ್ನು ದಾಟಿ ಹಿತ್ತಿಲಿಗೆ ಹೋದಳು. ಹಲಗೆಯ ಮೇಲೆ ಹರವಿದ್ದ ಗಂಟುಗಳನ್ನು ನೋಡಿದಳು. ಒಂದನ್ನೆತ್ತಿ, ಅದರ ಮೇಲಿನ ತನ್ನ ಬೆರಳ ಗೆರೆಗಳನ್ನು ನೋಡಿದಳು. ವಾಪಸು ಬಂದಾಗ ಅವಳ ಮುಖ ಕೆಂಪಾಗಿತ್ತು. ಅದು ಸಮಾಧಾನವಲ್ಲ, ಸಿಟ್ಟು.

"ನಾನು ದಿನಾ ಈ ಕೈಗೆ ಬೈಕೋತಿದ್ದೆ," ಎಂದಳು. "ನೀವು ಪಕ್ಕದಲ್ಲೇ ಕೂತಿರ್ತಿದ್ರಿ."

"ಕೂತಿದ್ದೆ."

"ಕೇಳಿಸ್ಕೋತಿದ್ರಿ."

"ಕೇಳಿಸ್ಕೋತಿದ್ದೆ. ಕೇಳಿ ಖುಷಿ ಪಡ್ತಿದ್ದೆ."

ಇದನ್ನು ಅವನು ಹೇಳಬೇಕಾಗಿರಲಿಲ್ಲ. ಮಣ್ಣಿನ ತಪ್ಪು ಒಪ್ಪಿಕೊಂಡಷ್ಟಕ್ಕೇ ಲೋಕ ಮೆಚ್ಚುತ್ತಿತ್ತು. ದೊರೆ ತಲೆ ತಗ್ಗಿಸದೆ ನಿಂತಿದ್ದ, ತೂಗುವ ಕೈಯನ್ನು ಮರೆಮಾಡಲೂ ಇಲ್ಲ. ದೊರೆಸಾನಿ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ತಿಗರಿಯ ಹತ್ತಿರ ಹೋಗಿ, ಚಕ್ರದ ಮೇಲೆ ನೀರು ಚಿಮುಕಿಸಿ ಕೂತಳು.

"ಮಣ್ಣು ತನ್ನಿ," ಎಂದಳು.

"ಯಾವುದು? ಬೇರೆ ಹೊಸದಾಗಿ..."

"ನೀವು ತುಳಿದದ್ದೇ ತನ್ನಿ. ಗಂಟಿದ್ರೆ ಈ ಸಲ ಬೀದಿಗೆಲ್ಲ ಕೇಳೋ ಹಾಗೆ ಹೇಳ್ತೀನಿ."